ಪುಟ್ ಸರಿ, ಬುಟ್ ಏಕೆ ತಪ್ಪು?

ಇಂಗ್ಲಿಷ್ ಪಾಠ ನಡೆಯುತ್ತಿದೆ. ಟೀಚರ್ ಕಪ್ಪುಹಲಗೆಯ ಮೇಲೆ ಎರಡು ಪದಗಳನ್ನು ಬರೆದಿದ್ದಾರೆ. ಮೊದಲನೆಯದು ಪಿ-ಯು-ಟಿ. ಎರಡನೆಯದು ಬಿ-ಯು-ಟಿ. ಹುಡುಗನೊಬ್ಬ ಎದ್ದು ನಿಂತು ಓದುತ್ತಾನೆ: ‘ಪುಟ್... ಬುಟ್’. ಇಡೀ ತರಗತಿ ಗೊಳ್ಳೆಂದು ನಗುತ್ತದೆ. ಹಿಂದಿನ ಬೆಂಚಿನಿಂದ ಯಾರೋ ‘ಬುಟ್, ಬುಟ್’ ಎಂದು ಅಣಕಿಸುತ್ತಾರೆ. ಹುಡುಗ ಮುಖ ತಗ್ಗಿಸಿ ಕೂರುತ್ತಾನೆ. ಮರುದಿನದಿಂದ ಓದು ಎಂದರೆ ಅವನು ಏಳುವುದೇ ಇಲ್ಲ.

ಮಕ್ಕಳೇ, ಇಂಥದ್ದು ನಿಮ್ಮ ಶಾಲೆಯಲ್ಲೂ ನಡೆದಿರಬಹುದು. ಸ್ವಲ್ಪ ಯೋಚಿಸಿ. ಆ ಹುಡುಗ ಮಾಡಿದ್ದಾದರೂ ಏನು? ಒಂದೇ ರೀತಿ ಬರೆದ ಎರಡು ಪದಗಳನ್ನು ಒಂದೇ ರೀತಿ ಓದಿದ. ಲೆಕ್ಕದಲ್ಲಾಗಿದ್ದರೆ ಹೀಗೆ ನಿಯಮ ಹಿಡಿದು ನಡೆದವನಿಗೆ ‘ಶಹಬ್ಬಾಸ್’ ಎನ್ನುತ್ತಿದ್ದೆವು!

ಇನ್ನೂ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಲೀಡ್ಸ್, ಮ್ಯಾಂಚೆಸ್ಟರ್ ಎಂಬ ದೊಡ್ಡ ನಗರಗಳಿವೆ. ಇಂಗ್ಲಿಷ್ ಅಲ್ಲಿನವರ ಮನೆಮಾತು. ಅಲ್ಲಿನ ಬಹಳ ಮಂದಿ ಇವತ್ತಿಗೂ ಈ ಎರಡು ಪದಗಳನ್ನು ಹೆಚ್ಚುಕಡಿಮೆ ಆ ಹುಡುಗನಂತೆಯೇ ಹೇಳುತ್ತಾರೆ. ಕಪ್ ಅವರ ಬಾಯಲ್ಲಿ ‘ಕುಪ್’. ಸನ್ ಎಂಬುದು ‘ಸುನ್’. ಬಸ್ ಎಂಬುದು ‘ಬುಸ್’! ನಮ್ಮ ಕಿವಿಗೆ ಅದು ಹಾವು ಬುಸುಗುಟ್ಟಿದಂತೆ ಕೇಳಿಸುತ್ತದೆ, ಅಲ್ಲವೇ?

ಹಾಗಾದರೆ ಸರಿ ಯಾವುದು? ‘ಸರಿ’ ಎಂದು ಹೇಳಿದವರು ಯಾರು? ಇದಕ್ಕೆ ಉತ್ತರ ಹುಡುಕುವ ವಿಜ್ಞಾನವೊಂದಿದೆ. ಅದೇ ಭಾಷಾವಿಜ್ಞಾನ. ಅದು ಏನು ಹೇಳುತ್ತದೆ ನೋಡೋಣ.

ಕನ್ನಡಿಯ ಮುಂದೆ ಒಂದು ಪ್ರಯೋಗ

ಮೊದಲು ಒಂದು ಕನ್ನಡಿ ತೆಗೆದುಕೊಳ್ಳಿ. ಅದರ ಮುಂದೆ ನಿಂತು ‘ಉ’ ಎಂದು ಎಳೆದು ಹೇಳಿ. ನಿಮ್ಮ ತುಟಿಗಳು ದುಂಡಗಾಗಿ ಮುಂದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಬಾಯೊಳಗೆ ನಾಲಿಗೆಯ ಹಿಂಭಾಗ ಮೇಲಕ್ಕೆ ಏರಿರುತ್ತದೆ.

ಈಗ ದನಿ ನಿಲ್ಲಿಸದೆ ತುಟಿಗಳನ್ನು ಮೆಲ್ಲಗೆ ಸಡಿಲಬಿಡಿ. ಕೆಳದವಡೆಯನ್ನು ಸ್ವಲ್ಪ ಕೆಳಗಿಳಿಸಿ. ಏನು ಕೇಳಿಸಿತು? ‘ಉ’ ಮೆಲ್ಲಮೆಲ್ಲನೆ ‘ಅ’ ಆಯಿತು!

ನಾವು ಮಾತನಾಡುವಾಗ ಶ್ವಾಸಕೋಶದಿಂದ ಗಾಳಿ ಮೇಲೆ ಬರುತ್ತದೆ. ಗಂಟಲಿನಲ್ಲಿರುವ ಧ್ವನಿತಂತುಗಳು ಆ ಗಾಳಿಯಿಂದ ಕಂಪಿಸುತ್ತವೆ. ಗಂಟಲ ಮೇಲೆ ಬೆರಳಿಟ್ಟರೆ ಈ ಕಂಪನ ತಿಳಿಯುತ್ತದೆ. ಬಾಯಿ, ನಾಲಿಗೆ, ತುಟಿಗಳ ಆಕಾರ ಬದಲಾದಂತೆ ಈ ದನಿ ಅ, ಇ, ಉ, ಎ ಎಂದು ಬೇರೆ ಬೇರೆ ಸ್ವರಗಳಾಗುತ್ತದೆ. ಕೊಳಲಿನ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ ತೆರೆದಾಗ ಅದರ ನಾದ ಬದಲಾಗುವುದಿಲ್ಲವೇ? ಹಾಗೆ.

ಒಂದು ಸ್ವರಕ್ಕೂ ಇನ್ನೊಂದು ಸ್ವರಕ್ಕೂ ನಡುವೆ ಗೋಡೆಯಿಲ್ಲ ಎಂಬುದನ್ನು ಈಗ ನೀವೇ ಕಂಡಿರಿ. ತುಟಿ ತುಸು ಸಡಿಲವಾದರೆ ಸಾಕು, ಒಂದು ಇನ್ನೊಂದಾಗುತ್ತದೆ. ಒಂದು ಊರಿನ ಜನರೆಲ್ಲ ತಲೆಮಾರುಗಳ ಕಾಲ ಹೀಗೆ ಸಡಿಲಬಿಟ್ಟರೆ ಏನಾಗುತ್ತದೆ? ಅಲ್ಲಿನ ಉಚ್ಚಾರಣೆಯೇ ಬದಲಾಗುತ್ತದೆ.

ನಾನೂರು ವರ್ಷಗಳ ಹಿಂದೆ

ಇಂಗ್ಲಿಷಿನಲ್ಲಿ ಆದದ್ದೂ ಅದೇ. ಸುಮಾರು 1600ನೆಯ ಇಸವಿಯ ಹೊತ್ತಿನಲ್ಲಿ ಪುಟ್, ಬುಟ್, ಕುಟ್ ಎಲ್ಲದರಲ್ಲೂ ‘ಉ’ ಇತ್ತು. ಆಮೇಲಿನ ನೂರು ವರ್ಷಗಳಲ್ಲಿ ಲಂಡನ್ನಿನ ಸುತ್ತಮುತ್ತ, ಅಂದರೆ ದಕ್ಷಿಣ ಇಂಗ್ಲೆಂಡಿನಲ್ಲಿ, ಈ ‘ಉ’ ಸಡಿಲಗೊಂಡು ‘ಅ’ದಂತಾಯಿತು. ಬುಟ್ ಎಂಬುದು ಬಟ್ ಆಯಿತು. ಕುಪ್ ಎಂಬುದು ಕಪ್ ಆಯಿತು.

ಪುಟ್ ಮಾತ್ರ ಏಕೆ ಬದಲಾಗಲಿಲ್ಲ? ‘ಪ’ ಎಂದು ಹೇಳಿ ನೋಡಿ. ತುಟಿಗಳು ಒಂದಕ್ಕೊಂದು ತಾಗುತ್ತವೆ. ತುಟಿಯಿಂದ ಹುಟ್ಟುವ ಪ, ಬ, ಫ ಅಕ್ಷರಗಳ ಪಕ್ಕದಲ್ಲಿದ್ದ ‘ಉ’ ಕೆಲವು ಪದಗಳಲ್ಲಿ ದುಂಡಗೆ ಹಾಗೆಯೇ ಉಳಿಯಿತು. ಪುಟ್, ಪುಶ್, ಪುಲ್, ಬುಲ್, ಫುಲ್ ಇವೆಲ್ಲ ಹೀಗೆ ಉಳಿದವು. ಆದರೆ ಎಲ್ಲ ಪದಗಳೂ ಉಳಿಯಲಿಲ್ಲ. ‘ಬುಟ್’ ಬದಲಾಗಿಯೇ ಬಿಟ್ಟಿತು. ಭಾಷೆಯ ಬದಲಾವಣೆ ಯಂತ್ರ ತಿರುಗಿದಂತೆ ಅಚ್ಚುಕಟ್ಟಾಗಿ ನಡೆಯುವುದಿಲ್ಲ.

ಉತ್ತರದವರು ಮಾತ್ರ ಈ ಬದಲಾವಣೆಗೆ ಸೇರಲಿಲ್ಲ. ಅವರು ಹಳೆಯ ‘ಉ’ವನ್ನೇ ಉಳಿಸಿಕೊಂಡರು. ಅಂದರೆ ‘ಕುಪ್’ ಎನ್ನುವವರು ಪದವನ್ನು ಕೆಡಿಸಿದವರಲ್ಲ. ಅವರದು ಹಳೆಯ ಉಚ್ಚಾರಣೆ. ಬದಲಾಯಿಸಿದವರು ಲಂಡನ್ನಿನವರು!

ಸರಿ, ಉಚ್ಚಾರಣೆ ಬದಲಾದರೂ ಕಾಗುಣಿತ ಏಕೆ ಹಾಗೆಯೇ ಇದೆ? ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದ. ಪುಸ್ತಕಗಳು ಅಚ್ಚಾಗತೊಡಗಿದ ಮೇಲೆ ಪದಗಳ ಕಾಗುಣಿತ ಕ್ರಮೇಣ ಗಟ್ಟಿಯಾಗಿ ನಿಂತುಬಿಟ್ಟಿತು. ಬಾಯಿ ಮಾತ್ರ ನಿಲ್ಲಲಿಲ್ಲ. ಇಂಗ್ಲಿಷ್ ಕಾಗುಣಿತ ನಮಗೆ ಕಾಡುವುದಕ್ಕೆ ಇದು ಒಂದು ದೊಡ್ಡ ಕಾರಣ.

ಆಗ ಧ್ವನಿಮುದ್ರಣ ಇರಲಿಲ್ಲ. ಹಾಗಿದ್ದರೂ ಹಳೆಯ ಉಚ್ಚಾರಣೆ ನಮಗೆ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಿಂದಿನ ಕವಿಗಳ ಪ್ರಾಸಗಳು ಒಂದು ಸುಳಿವು. ಹೆಚ್ಚು ಓದಿಲ್ಲದವರು ಬರೆದ ಪತ್ರಗಳು ಇನ್ನೊಂದು. ಅವರು ಕಿವಿಗೆ ಕೇಳಿಸಿದಂತೆ ಬರೆಯುತ್ತಿದ್ದರು. ಆ ಕಾಲದ ವ್ಯಾಕರಣ ಪುಸ್ತಕಗಳು ಮೂರನೆಯ ಸುಳಿವು. ವಿಜ್ಞಾನಿಗಳು ಪತ್ತೇದಾರರಂತೆ ಇವನ್ನೆಲ್ಲ ಜೋಡಿಸಿ ನೋಡಿದ್ದಾರೆ.

ಊರೂರು ಅಲೆದವರು

ಇಂಗ್ಲೆಂಡಿನಲ್ಲಿ ಯಾವ ಊರಿನವರು ಹೇಗೆ ಮಾತನಾಡುತ್ತಾರೆಂದು ತಿಳಿಯಲು ದೊಡ್ಡ ಸಮೀಕ್ಷೆಯೊಂದು ನಡೆಯಿತು. ಲೀಡ್ಸ್ ವಿಶ್ವವಿದ್ಯಾನಿಲಯದ ಹೆರಾಲ್ಡ್ ಆರ್ಟನ್ ಅದರ ಮುಂದಾಳು. 1950ರಿಂದ 1961ರವರೆಗೆ ಅವರ ತಂಡದವರು 313 ಸ್ಥಳಗಳಿಗೆ ಹೋದರು. ಅವುಗಳಲ್ಲಿ ಹೆಚ್ಚಿನವು ಹಳ್ಳಿಗಳು. ಅಲ್ಲಿನ ವಯಸ್ಸಾದವರನ್ನು ಮಾತನಾಡಿಸಿದರು. ಅವರ ಬಳಿಯಿದ್ದ ಪ್ರಶ್ನೆಗಳು 1300ಕ್ಕೂ ಹೆಚ್ಚು!

ಅವರು ಪ್ರಶ್ನೆ ಕೇಳುತ್ತಿದ್ದ ಕ್ರಮ ಗಮನಿಸಬೇಕಾದದ್ದು. ಬೇಕಾದ ಪದವನ್ನು ತಾವು ಹೇಳುತ್ತಿರಲಿಲ್ಲ. ವಸ್ತುವನ್ನು ತೋರಿಸಿ ಅಥವಾ ವರ್ಣಿಸಿ ‘ಇದಕ್ಕೆ ಏನೆನ್ನುತ್ತೀರಿ?’ ಎಂದು ಕೇಳುತ್ತಿದ್ದರು. ತಾವೇ ಹೇಳಿಬಿಟ್ಟರೆ ಎದುರಿಗಿದ್ದವರು ಅದನ್ನೇ ಅನುಕರಿಸಬಹುದು, ಅಲ್ಲವೇ?

ಹೀಗೆ ಸಿಕ್ಕ ಉತ್ತರಗಳನ್ನು ಭೂಪಟದ ಮೇಲೆ ಗುರುತು ಹಾಕಿದಾಗ ಸುಂದರವಾದ ಚಿತ್ರ ಮೂಡಿತು. ‘ಕುಪ್’ ಎನ್ನುವ ಊರುಗಳು ಉತ್ತರದಲ್ಲಿ, ‘ಕಪ್’ ಎನ್ನುವ ಊರುಗಳು ದಕ್ಷಿಣದಲ್ಲಿ. ಸ್ನಾನ ಎಂಬರ್ಥದ ಪದ ಉತ್ತರದಲ್ಲಿ ‘ಬ್ಯಾತ್’, ಲಂಡನ್ನಿನ ಕಡೆ ‘ಬಾತ್’. ಹುಲ್ಲು ಉತ್ತರದಲ್ಲಿ ‘ಗ್ರ್ಯಾಸ್’, ಲಂಡನ್ನಿನಲ್ಲಿ ‘ಗ್ರಾಸ್’.

ಈ ‘ಆ’ ಕಾರದ್ದೂ ಒಂದು ಕಥೆಯಿದೆ. ಇಂದು ಇಂಗ್ಲೆಂಡಿನಲ್ಲಿ ‘ಗ್ರಾಸ್’ ಎನ್ನುವುದು ದೊಡ್ಡವರ ಮಾತು ಎಂಬ ಭಾವನೆ ಇದೆ. ಆದರೆ 1791ರಲ್ಲಿ ಜಾನ್ ವಾಕರ್ ಎಂಬಾತ ಒಂದು ಉಚ್ಚಾರಣೆಯ ನಿಘಂಟನ್ನು ಪ್ರಕಟಿಸಿದ. ಇಂಥ ಪದಗಳಲ್ಲಿ ‘ಆ’ ಎಂದು ಎಳೆಯುವುದು ಒರಟು ಮಾತಿಗೆ ಹತ್ತಿರವಾದದ್ದು ಎಂಬಂತೆ ಅವನು ಬರೆದಿದ್ದ! ಅಂದು ಹೀಗಳೆದ ಉಚ್ಚಾರಣೆಯೇ ಮುಂದೆ ಗೌರವದ ಉಚ್ಚಾರಣೆಯಾಯಿತು. ದನಿ ಬದಲಾಗಲಿಲ್ಲ. ಅದರ ಬಗ್ಗೆ ಜನರ ಅಭಿಪ್ರಾಯ ಬದಲಾಯಿತು.

ರೇಡಿಯೋದಲ್ಲಿ ಒಂದು ಗಲಾಟೆ

ಲಂಡನ್ ರಾಜಧಾನಿ. ರಾಜ, ಸಿರಿವಂತರು, ದೊಡ್ಡ ಅಧಿಕಾರಿಗಳು ಅಲ್ಲಿದ್ದರು. ಅವರ ಮಕ್ಕಳು ದುಬಾರಿ ವಸತಿಶಾಲೆಗಳಲ್ಲಿ ಓದುತ್ತಿದ್ದರು. ಅಲ್ಲಿ ಬಳಕೆಯಾದ ಉಚ್ಚಾರಣೆಯೇ ‘ಒಳ್ಳೆಯ ಇಂಗ್ಲಿಷ್’ ಎನಿಸಿಕೊಂಡಿತು. ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸ 1917ರಲ್ಲಿ ಅದೇ ಉಚ್ಚಾರಣೆಯನ್ನು ತೋರಿಸುವ ನಿಘಂಟನ್ನು ಹೊರತಂದರು. 1922ರಲ್ಲಿ ಬಿಬಿಸಿ ರೇಡಿಯೋ ಆರಂಭವಾಯಿತು. ಪದಗಳನ್ನು ಹೇಗೆ ಉಚ್ಚರಿಸಬೇಕೆಂದು ಸಲಹೆ ಕೊಡಲು 1926ರಲ್ಲಿ ಬಿಬಿಸಿ ಒಂದು ಸಮಿತಿಯನ್ನೇ ಮಾಡಿತು. ದೇಶಕ್ಕೆಲ್ಲ ಕೇಳಿಸುತ್ತಿದ್ದ ವಾರ್ತೆಗಳೆಲ್ಲ ಒಂದೇ ಬಗೆಯ ಉಚ್ಚಾರಣೆಯಲ್ಲಿ ಬರುತ್ತಿದ್ದವು.

ಎರಡನೆಯ ಮಹಾಯುದ್ಧದ ಕಾಲ. 1941ರಲ್ಲಿ ವಿಲ್ಫ್ರೆಡ್ ಪಿಕಲ್ಸ್ ಎಂಬುವರು ಬಿಬಿಸಿಯಲ್ಲಿ ವಾರ್ತೆ ಓದತೊಡಗಿದರು. ಅವರು ಉತ್ತರದ ಯಾರ್ಕ್‌ಷೈರ್ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ಊರಿನವರು. ತಮ್ಮ ಊರಿನ ಧಾಟಿಯಲ್ಲೇ ಓದಿದರು. ಕೊನೆಗೆ ‘ಗುಡ್ ನೈಟ್’ ಎನ್ನುವ ಬದಲು ಉತ್ತರದವರಂತೆ ‘ಗುಡ್ ನೀಟ್’ ಎಂದರು. ಕೇಳುಗರಿಂದ ಆಕ್ಷೇಪಣೆಗಳು ಬಂದವು. ಸುದ್ದಿ ಅದೇ, ಯುದ್ಧ ಅದೇ. ಆದರೂ ಧಾಟಿ ಬೇರೆಯಾದದ್ದು ಅನೇಕರಿಗೆ ಸಹಿಸಲಿಲ್ಲ!

ಇಂದು ಬಿಬಿಸಿಯಲ್ಲಿ ಹಲವು ಪ್ರಾಂತ್ಯಗಳ ಧಾಟಿಗಳು ಕೇಳಿಬರುತ್ತವೆ. ಇದಕ್ಕೆ ಹಲವು ದಶಕಗಳೇ ಬೇಕಾದವು.

ಕಿವಿಯೋ, ಮನಸ್ಸೋ?

ಕೆಲವು ಧಾಟಿಗಳು ಕೇಳಲು ನಿಜವಾಗಿಯೂ ಇಂಪಾಗಿರುತ್ತವೆ, ಕೆಲವು ಒರಟಾಗಿರುತ್ತವೆ ಎಂದು ನೀವು ಹೇಳಬಹುದು. ಇದನ್ನೂ ಪರೀಕ್ಷೆಗೆ ಒಡ್ಡಲಾಗಿದೆ.

1970ರ ಸುಮಾರಿಗೆ ಹೊವರ್ಡ್ ಗೈಲ್ಸ್ ಎಂಬ ವಿಜ್ಞಾನಿ ಜಾಣ ಉಪಾಯ ಮಾಡಿದರು. ಒಬ್ಬನೇ ವ್ಯಕ್ತಿ ಒಂದೇ ಬರಹವನ್ನು ಬೇರೆ ಬೇರೆ ಧಾಟಿಗಳಲ್ಲಿ ಓದಿದ್ದನ್ನು ಧ್ವನಿಮುದ್ರಿಸಿದರು. ಅದನ್ನು ಶಾಲಾ ವಿದ್ಯಾರ್ಥಿಗಳಿಗೆ ಕೇಳಿಸಿ ಅಂಕ ಕೊಡಲು ಹೇಳಿದರು. ಓದುತ್ತಿರುವವನು ಒಬ್ಬನೇ ಎಂದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಬಿಬಿಸಿಯ ಧಾಟಿಗೆ ಹೆಚ್ಚು ಅಂಕ ಬಂತು. ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮ್‌ನ ಧಾಟಿಗೆ ತೀರಾ ಕಡಿಮೆ ಬಂತು. ವ್ಯಕ್ತಿ ಒಬ್ಬನೇ, ಬರಹ ಒಂದೇ, ಅಂಕಗಳು ಮಾತ್ರ ಬೇರೆ!

ಮುಂದೆ ಗೈಲ್ಸ್ ಮತ್ತು ಪೀಟರ್ ಟ್ರಡ್‌ಗಿಲ್ ಎಂಬ ಭಾಷಾವಿಜ್ಞಾನಿ ಬ್ರಿಟನ್ನಿನ ಧಾಟಿಗಳನ್ನು ಹೊರದೇಶದವರಿಗೂ ಕೇಳಿಸಿದರು. ಅಮೆರಿಕ, ಕೆನಡಾದವರಿಗೆ ಬ್ರಿಟನ್ನಿನ ಊರುಗಳ ಸಿರಿತನ, ಬಡತನಗಳ ಪರಿಚಯ ಇರಲಿಲ್ಲ. ಬ್ರಿಟನ್ನಿನವರು ಕುರೂಪ ಎಂದ ಧಾಟಿಗಳು ಅವರಿಗೆ ಹಾಗೆ ಕೇಳಿಸಲಿಲ್ಲ. ಒರಟುತನ ದನಿಯಲ್ಲೇ ಇದ್ದಿದ್ದರೆ ಎಲ್ಲರ ಕಿವಿಗೂ ಕೇಳಬೇಕಿತ್ತಲ್ಲವೇ?

ನಾಲ್ಕನೆಯ ಮಹಡಿಯ ರಹಸ್ಯ

ಈಗ ಎಲ್ಲಕ್ಕಿಂತ ಸೊಗಸಾದ ಪ್ರಯೋಗ. ಇದು ನಡೆದದ್ದು 1962ರಲ್ಲಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮಾಡಿದವರು ವಿಲಿಯಂ ಲಬಾವ್.

ಇಂಗ್ಲಿಷ್ ಪದಗಳ ಕೊನೆಯಲ್ಲಿ ಬರುವ ‘ರ್’ ದನಿಯನ್ನು ನ್ಯೂಯಾರ್ಕಿನ ಕೆಲವರು ಉಚ್ಚರಿಸುತ್ತಿದ್ದರು, ಕೆಲವರು ಬಿಡುತ್ತಿದ್ದರು. ಕಾರು ಎಂಬುದಕ್ಕೆ ಕೆಲವರು ‘ಕಾರ್’ ಎಂದರೆ ಕೆಲವರು ‘ಕಾ’ ಎನ್ನುತ್ತಿದ್ದರು. ಯಾರು ಯಾವುದನ್ನು ಹೇಳುತ್ತಾರೆಂದು ಲಬಾವ್‌ಗೆ ತಿಳಿಯಬೇಕಿತ್ತು. ಅದಕ್ಕಾಗಿ ಅವರು ಮೂರು ದೊಡ್ಡ ಅಂಗಡಿಗಳನ್ನು ಆರಿಸಿಕೊಂಡರು. ಒಂದು ಸಿರಿವಂತರದ್ದು, ಒಂದು ಮಧ್ಯಮ ವರ್ಗದವರದ್ದು, ಇನ್ನೊಂದು ಅಗ್ಗದ ಅಂಗಡಿ. ನಾಲ್ಕನೆಯ ಮಹಡಿಯಲ್ಲಿ ಯಾವ ಸಾಮಾನು ಸಿಗುತ್ತದೆಂದು ಮೊದಲೇ ತಿಳಿದುಕೊಂಡರು. ಆಮೇಲೆ ಕೆಲಸದವರ ಬಳಿ ಹೋಗಿ ‘ಆ ಸಾಮಾನು ಎಲ್ಲಿ ಸಿಗುತ್ತದೆ?’ ಎಂದು ಕೇಳಿದರು. ಉತ್ತರ ಬಂತು: ‘ಫೋರ್ತ್ ಫ್ಲೋರ್’. ಈ ಎರಡು ಪದಗಳಲ್ಲೂ ‘ರ್’ ಇದೆ! ಕೇಳಿಸದವರಂತೆ ನಟಿಸಿ ಮತ್ತೊಮ್ಮೆ ಹೇಳಿಸಿಕೊಂಡರು. ಪಕ್ಕಕ್ಕೆ ಸರಿದು ಗುಟ್ಟಾಗಿ ಬರೆದುಕೊಂಡರು. ಹೀಗೆ 264 ಮಂದಿಯ ಉತ್ತರ ಸಂಗ್ರಹವಾಯಿತು.

ಸಿರಿವಂತರ ಅಂಗಡಿಯಲ್ಲಿ ನೂರಕ್ಕೆ 62 ಮಂದಿ ಒಮ್ಮೆಯಾದರೂ ‘ರ್’ ಹೇಳಿದ್ದರು. ಮಧ್ಯಮ ಅಂಗಡಿಯಲ್ಲಿ ನೂರಕ್ಕೆ 51. ಅಗ್ಗದ ಅಂಗಡಿಯಲ್ಲಿ ನೂರಕ್ಕೆ 20 ಮಾತ್ರ. ನ್ಯೂಯಾರ್ಕಿನಲ್ಲಿ ‘ರ್’ ಹೇಳುವುದು ಗೌರವದ ಲಕ್ಷಣವಾಗಿತ್ತು.

ಈಗ ಲಂಡನ್ನಿಗೆ ಬನ್ನಿ. ಅಲ್ಲಿನ ‘ಒಳ್ಳೆಯ ಇಂಗ್ಲಿಷ್’ನಲ್ಲಿ ಈ ‘ರ್’ ಇಲ್ಲವೇ ಇಲ್ಲ! ಅಲ್ಲಿ ‘ಕಾ’ ಎನ್ನುವುದೇ ಗೌರವ. ‘ಕಾರ್’ ಎಂದು ಒತ್ತಿ ಹೇಳಿದರೆ ನೈರುತ್ಯ ಇಂಗ್ಲೆಂಡಿನ ಹಳ್ಳಿಯ ರೈತನ ಮಾತು ಎಂದು ನಗುವವರುಂಟು.

ಒಂದೇ ಭಾಷೆ, ಒಂದೇ ಪದ, ಒಂದೇ ದನಿ. ಒಂದು ನಗರದಲ್ಲಿ ಅದು ಸಿರಿವಂತರ ಗುರುತು, ಇನ್ನೊಂದರಲ್ಲಿ ಹಳ್ಳಿಯವರ ಗುರುತು. ನ್ಯೂಯಾರ್ಕಿನಲ್ಲೂ ಎರಡನೆಯ ಮಹಾಯುದ್ಧಕ್ಕೆ ಮೊದಲು ‘ರ್’ ಬಿಡುವುದೇ ಗೌರವ ಎನಿಸಿತ್ತು. ‘ರ್’ ದನಿಗೆ ತನ್ನದೇ ಆದ ಮಾನವಾಗಲಿ ಅವಮಾನವಾಗಲಿ ಇಲ್ಲ. ಅದನ್ನು ಆಡುವವರು ಯಾರು ಎಂದು ನೋಡಿ ಜನ ಬೆಲೆ ಕಟ್ಟುತ್ತಾರೆ.

ಹಾಲು, ಆಲು, ಪಾಲು

ಲಂಡನ್ನಿನ ಕೂಲಿಕಾರರ ಬೀದಿಗಳಲ್ಲಿ ಮನೆಗೆ ‘ಹೌಸ್’ ಎನ್ನದೆ ‘ಔಸ್’ ಎನ್ನುತ್ತಾರೆ. ಪದದ ಮೊದಲಿನ ‘ಹ’ ಬಿಟ್ಟರೆಂದು ಅವರನ್ನು ಬಹಳ ಕಾಲದಿಂದ ಅಣಕಿಸಿದ್ದಾರೆ. ಇದನ್ನು ಓದುವಾಗ ನಿಮಗೆ ನಮ್ಮ ಕಡೆಯ ಮಾತು ನೆನಪಾಯಿತೇ? ಹಳೆ ಮೈಸೂರು ಭಾಗದ ಎಷ್ಟೋ ಹಳ್ಳಿಗಳಲ್ಲಿ ಹಾಲಿಗೆ ‘ಆಲು’, ಹಕ್ಕಿಗೆ ‘ಅಕ್ಕಿ’ ಎನ್ನುತ್ತಾರೆ. ಅದನ್ನು ಕೇಳಿ ನಗುವವರು ಇಲ್ಲೂ ಇದ್ದಾರೆ.

ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು. ಹಕ್ಕಿ ‘ಪಕ್ಕಿ’ ಆಗಿತ್ತು. ಹುಲಿ ‘ಪುಲಿ’ ಆಗಿತ್ತು. ಸಾವಿರ ವರ್ಷಗಳ ಹಿಂದಿನ ಪಂಪನ ಕಾವ್ಯಗಳಲ್ಲಿ ಇದ್ದದ್ದು ಈ ‘ಪ’ಕಾರವೇ. ಮುಂದಿನ ಶತಮಾನಗಳಲ್ಲಿ ಅದು ‘ಹ’ ಆಯಿತು. ತುಳುವಿನಲ್ಲಿ ಇವತ್ತಿಗೂ ಪಕ್ಕಿ ಪಕ್ಕಿಯೇ; ತಮಿಳಿನಲ್ಲಿ ಪಾಲ್ ಪಾಲೇ. ಪಂಪ ಇಂದು ಎದ್ದು ಬಂದರೆ ನಮ್ಮ ‘ಹಾಲು’ ಕೇಳಿ ‘ಇದೇನು, ಇವರಿಗೆ ಪಕಾರವೇ ಬಾರದೇ?’ ಎಂದು ಕೇಳಬಹುದು! ನಾವು ‘ಪ’ವನ್ನು ‘ಹ’ ಮಾಡಿದೆವು. ಕೆಲವು ಹಳ್ಳಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು, ಅಷ್ಟೆ.

ಹಾಗಾದರೆ ಕಲಿಯಬೇಕಿಲ್ಲವೇ?

ಕಲಿಯಬೇಕು. ಧಾರವಾಡದವರು, ಮಂಗಳೂರಿನವರು, ಚಾಮರಾಜನಗರದವರು ಒಬ್ಬರ ಮಾತು ಒಬ್ಬರಿಗೆ ತಿಳಿಯಲು ಎಲ್ಲರಿಗೂ ಗೊತ್ತಿರುವ ಒಂದು ಪುಸ್ತಕದ ಕನ್ನಡ ಬೇಕು. ಹಾಗೆಯೇ ಪರೀಕ್ಷೆಗೆ, ಉದ್ಯೋಗಕ್ಕೆ, ದೂರದವರೊಡನೆ ಮಾತಿಗೆ ಹೆಚ್ಚು ಜನರಿಗೆ ತಿಳಿಯುವ ಇಂಗ್ಲಿಷ್ ಉಚ್ಚಾರಣೆಯೂ ಬೇಕು. ನಮ್ಮ ಶಾಲೆಗಳಲ್ಲಿ ಕಲಿಸುವುದು ‘ಬಟ್’. ಅದನ್ನೇ ಕಲಿಯೋಣ. ಆದರೆ ಹೊಸ ಅಂಗಿ ಹೊಲಿಸಿದವರು ಮನೆಯ ಅಂಗಿಯನ್ನು ಸುಡುವುದಿಲ್ಲ. ಬೇರೆಯವರ ಅಂಗಿ ನೋಡಿ ನಗುವುದೂ ಇಲ್ಲ.

ನಗು ಸಣ್ಣದು ಎಂದುಕೊಳ್ಳಬೇಡಿ. ಉಚ್ಚಾರಣೆ ಬಾಯಿಯ ಅಭ್ಯಾಸ. ಮತ್ತೆ ಮತ್ತೆ ಆಡಿದರೆ ಮಾತ್ರ ಅದು ಬರುತ್ತದೆ. ನಗೆಗೆ ಹೆದರಿ ಬಾಯಿ ಮುಚ್ಚಿದವನಿಗೆ ಕಲಿಯುವ ದಾರಿಯೇ ಮುಚ್ಚಿಹೋಗುತ್ತದೆ. ಪ್ರಶ್ನೆ ಕೇಳುವುದನ್ನೂ ಅವನು ನಿಲ್ಲಿಸುತ್ತಾನೆ.

ನೀವೂ ಮಾಡಿ ನೋಡಿ

ಆರ್ಟನ್ ಅವರಂತೆ ನಿಮ್ಮ ಊರಿನಲ್ಲೂ ಒಂದು ಸಮೀಕ್ಷೆ ಮಾಡಬಹುದು.

1. ದಿನಬಳಕೆಯ ಹತ್ತು ವಸ್ತುಗಳನ್ನು ಆರಿಸಿ. ಹಾಲು, ಹೂವು, ಬಸ್ಸು, ಪೊರಕೆ ಹೀಗೆ. ಅವುಗಳ ಚಿತ್ರ ಬರೆದುಕೊಳ್ಳಿ.

2. ಚಿತ್ರ ತೋರಿಸಿ ‘ಇದಕ್ಕೆ ಏನೆನ್ನುತ್ತೀರಿ?’ ಎಂದು ಕೇಳಿ. ಪದವನ್ನು ನೀವು ಹೇಳಬೇಡಿ.

3. ಅಜ್ಜ ಅಜ್ಜಿ, ಬೇರೆ ಜಿಲ್ಲೆಯಿಂದ ಬಂದವರು, ಬೇರೆ ಮನೆಮಾತಿನವರು, ಪುಟ್ಟ ಮಕ್ಕಳು, ಹೀಗೆ ಕಡಿಮೆಯೆಂದರೆ ಹತ್ತು ಮಂದಿಯನ್ನು ಕೇಳಿ.

4. ಅವರು ಹೇಳಿದ್ದನ್ನು ಹೇಳಿದಂತೆಯೇ ಪಟ್ಟಿಯಲ್ಲಿ ಬರೆಯಿರಿ. ತಿದ್ದಬೇಡಿ, ನಗಬೇಡಿ. ತಿದ್ದಿದರೆ ನಿಮ್ಮ ಸಮೀಕ್ಷೆಯೇ ಕೆಡುತ್ತದೆ.

5. ಯಾವ ಪದಕ್ಕೆ ಹೆಚ್ಚು ರೂಪಗಳು ಸಿಕ್ಕವು ಎಂದು ತರಗತಿಯಲ್ಲಿ ಚರ್ಚಿಸಿ.

ಇನ್ನು ಮೊದಲಿನ ಆ ಹುಡುಗನ ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ‘ಬುಟ್’ ಎಂದು ಓದಿದರೆ ಏನು ಮಾಡುತ್ತೀರಿ? ‘ನಮ್ಮ ಪುಸ್ತಕದಲ್ಲಿ ಇದು ಬಟ್. ನೀನು ಹೇಳಿದ್ದು ಲೀಡ್ಸ್ ನಗರದವರ ಉಚ್ಚಾರಣೆ, ನಾನೂರು ವರ್ಷ ಹಳೆಯದು’ ಎಂದು ಹೇಳಿ. ಆಮೇಲೆ ಮುಂದಿನ ಸಾಲನ್ನೂ ಅವನಿಂದಲೇ ಓದಿಸಿ.